ಮಗಳಿಗೊಂದು ಪತ್ರ: ಅಜ್ಜನ ಅಂಬಾಸಿಡರ್ರೂ 50, ನನ್ನ ಜೆನ್ನೂ 50

ಪುಟ್ಟಿ,

ನಿನ್ನೆ ರಾತ್ರಿ ವಾಟ್ಸಾಪಲ್ಲಿ ಎರಡು ಕಾರಿನ ಬ್ರೋಷರ್ ಕಳ್ಸಿ "ಅಮ್ಮಾ, ಇದು 160 ಹಾರ್ಸ್‌ಪವರ್, ಅದು ಬರೀ 82, ಇನ್ನೇನ್ ಯೋಚ್ನೆ ಮಾಡೋದಿದೆ" ಅಂತ ಬರ್ದಿದ್ಯಲ್ಲ, ಅದನ್ನ ಓದಿ ಮಲ್ಗಿದ್ರೂ ನಿದ್ದೆ ಬರ್ಲಿಲ್ಲ. ಫೋನಲ್ಲಿ ಹೇಳಕ್ಕೆ ಹೋದ್ರೆ ನಿನ್ನ ಮೀಟಿಂಗು ಬಂದು ಅರ್ಧಕ್ಕೇ ನಿಲ್ಲತ್ತೆ, ಅದಕ್ಕೇ ಕೂತು ಬರೀತಿದೀನಿ. ದುಡ್ಡು ನಿಂದು, ನೀನೇ ದುಡ್ದು ತಗೊಳ್ತಿರೋ ಮೊದಲ್ನೇ ಕಾರು, ಯಾವ್ದು ತಗೊಂಡ್ರೂ ನಂಗೆ ಖುಷಿನೇ. ಆದ್ರೆ ಆ ಒಂದು ನಂಬರ್ ಹಿಡ್ಕೊಂಡು ತೀರ್ಮಾನ ಮಾಡ್ಬೇಡ ಕಣೇ.

ಅಜ್ಜನ ಅಂಬಾಸಿಡರ್ ನಿಂಗೆ ಫೋಟೋದಲ್ಲಷ್ಟೇ ಗೊತ್ತು. ನಾನು ಡ್ರೈವಿಂಗ್ ಕಲ್ತಿದ್ದೇ ಅದ್ರಲ್ಲಿ. ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನ ಥರ ಉದ್ದ ಸೀಟು, ಡಿಕ್ಕಿ ತುಂಬ ಅಡಿಕೆ ಮೂಟೆ. 1489 ಸಿಸಿ ಎಂಜಿನ್ನು, 50 ಹಾರ್ಸ್‌ಪವರ್. ಆಮೇಲೆ ನೀನು ಹುಟ್ಟೋಕೆ ಒಂದು ವರ್ಷ ಮುಂಚೆ ಶಿವಮೊಗ್ಗದಲ್ಲಿ ಡಾಕ್ಟ್ರೊಬ್ರ ಹತ್ರ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ್ನಲ್ಲ ಮಾರುತಿ ಜೆನ್ನು, ಅದು 993 ಸಿಸಿ, ಅದ್ರದ್ದೂ 50 ಹಾರ್ಸ್‌ಪವರ್ರೇ. ಕಾಗದದ ಮೇಲೆ ಎರಡೂ ಒಂದೇ. ಆದ್ರೆ ಉಡುಪಿಗೆ ಹೋಗಿ ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆಗೆ ಹತ್ತೋದಿದ್ಯಲ್ಲ, ಆ 14 ಹೇರ್‌ಪಿನ್ ತಿರುವು, ಅಲ್ಲಿ ಎರಡಕ್ಕೂ ಅಜಗಜಾಂತರ ಮಾರಾಯ್ತಿ. ಅಂಬಾಸಿಡರ್ ಒಂದೊಂದು ತಿರುವಲ್ಲೂ ಮೈ ವಾಲಿಸ್ಕೊಂಡು, ನಾನು ಎರಡೂ ಕೈಲಿ ಸ್ಟೇರಿಂಗ್ ಎಳ್ಕೊಂಡು, ಪಕ್ಕದಲ್ಲಿ ಕೂತ ಅಜ್ಜಿ ಜಾರಿ ನನ್ನ ಮೇಲೇ ಬರೋರು. ಜೆನ್ನಲ್ಲಿ ಅದೇ ತಿರುವು, ಸ್ಟೇರಿಂಗ್ ಇಷ್ಟು ತಿರುಗ್ಸಿದ್ರೆ ಮೂತಿ ಅಷ್ಟೇ ತಿರ್ಗತ್ತೆ, ಸೆಕೆಂಡ್ ಗೇರಲ್ಲಿ ಎಂಜಿನ್ ಕೂಗ್ಕೊಂಡು ಮೇಲೆ ಬರತ್ತೆ, ಸನ್‌ಸೆಟ್ ಪಾಯಿಂಟ್ ತಲುಪೋ ಹೊತ್ತಿಗೆ ನಂಗೆ ಇನ್ನೊಂದ್ಸಲ ಕೆಳಗಿಳಿದು ಹತ್ತಿ ಬರ್ಲಾ ಅನ್ಸೋದು.

ಯಾಕೆ ಹಿಂಗೆ ಅಂತ ಅವತ್ತೇ ಲೆಕ್ಕ ಹಾಕಿದ್ದೆ. ಇಷ್ಟು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿದೋಳು ನಾನು, ಲೆಕ್ಕ ಹಾಕ್ದೇ ಇರಕ್ಕಾಗಲ್ಲ. ಅಂಬಾಸಿಡರ್ ತೂಕ 1100 ಕೆಜಿ ಮೇಲೆ, ಜೆನ್ 730 ಹತ್ರ. ಅಂದ್ರೆ ಒಂದು ಟನ್ ತೂಕ ಎಳ್ಯಕ್ಕೆ ಅಂಬಾಸಿಡರಿಗೆ ಸಿಗೋದು 45 ಹಾರ್ಸ್‌ಪವರ್, ಜೆನ್ನಿಗೆ 68. ನೂರು ಮೀಟರಿಗೆ ಎಂಟು ಮೀಟರ್ ಏರೋ ರೋಡು ಅಂತ ಇಟ್ಕೊ, ಗಂಟೆಗೆ 40 ಕಿಮೀ ಸ್ಪೀಡಲ್ಲಿ. ಜನ ಲಗೇಜು ಎಲ್ಲ ಸೇರಿ ಒಂದು ಟನ್ ಇರೋ ಜೆನ್ನಿಗೆ ಬರೀ ಏರು ಹತ್ತಕ್ಕೇ 12 ಹಾರ್ಸ್‌ಪವರ್ ಹೋಗತ್ತೆ, ಅಡಿಕೆ ಸೇರಿ ಒಂದೂವರೆ ಟನ್ ಆಗಿರೋ ಅಂಬಾಸಿಡರಿಗೆ 18. ಉಳಿದಿದ್ರಲ್ಲಿ ತಾನೇ ಮುಂದಕ್ಕೆ ನುಗ್ಗೋದು? ಅಷ್ಟೇ ಅಲ್ಲ, ಉಳಿದಿದ್ದು ತಳ್ಬೇಕಾಗಿರೋದೂ ಆ ಹೆಚ್ಚಿನ ತೂಕನೇ.

ಇನ್ನೊಂದು ವಿಷ್ಯ ಕೇಳು, ಟಾರ್ಕ್, ಅಂದ್ರೆ ಎಂಜಿನ್ ತಿರುಗ್ಸೋ ಬಲ, ಅಂತ ಎಲ್ರೂ ಹೇಳ್ತಾರಲ್ಲ, ಅದು ಜಾಸ್ತಿ ಇದ್ದಿದ್ದು ಅಂಬಾಸಿಡರಲ್ಲೇ. ಅದ್ರ 50 ಹಾರ್ಸ್‌ಪವರ್ ಬರೋದು ಎಂಜಿನ್ ನಿಮಿಷಕ್ಕೆ 4200 ಸುತ್ತು ಸುತ್ತುವಾಗ, ಅಂದ್ರೆ 4200 ಆರ್‌ಪಿಎಮ್ಮಲ್ಲಿ, ಜೆನ್ನಿಂದು 6500ರಲ್ಲಿ. ಪವರ್ ಅಂದ್ರೆ ಟಾರ್ಕು ಇಂಟು ಎಂಜಿನ್ ಸುತ್ತೋ ಸ್ಪೀಡು, ಬೇರೇನೂ ಇಲ್ಲ. ಕಮ್ಮಿ ಟಾರ್ಕಿನ ಜೆನ್ನು ಜೋರಾಗಿ ಸುತ್ತಿ ಸರಿದೂಗಿಸ್ಕೊಳತ್ತೆ, ಗೇರ್ ಬಾಕ್ಸಲ್ಲಿ ಐದು ಗೇರು ಬೇರೆ. ಹಾಗಾಗಿ ನಾಳೆ ಯಾರಾದ್ರೂ ಶೋರೂಮಲ್ಲಿ "ಮೇಡಮ್ ಪವರ್ ಬಿಡಿ, ಟಾರ್ಕ್ ನೋಡಿ" ಅಂದ್ರೆ ಅದೂ ಪೂರ್ತಿ ಮಾತಲ್ಲ, ಯಾವ ಆರ್‌ಪಿಎಮ್ಮಲ್ಲಿ ಸಿಗತ್ತೆ, ಎಷ್ಟು ತೂಕ ಎಳೀಬೇಕು ಅಂತ ಕೇಳು.

ಈಗ ನೀನು ಕಳ್ಸಿರೋದಕ್ಕೆ ಬರ್ತೀನಿ. ದೊಡ್ಡ ಎಸ್‌ಯುವಿ 160 ಹಾರ್ಸ್‌ಪವರ್ರು, ತೂಕ 1600 ಕೆಜಿ. ಚಿಕ್ಕದು 82, ತೂಕ 920. ದುಪ್ಪಟ್ಟು ಪವರ್ ಅಂತ ನೀನಂದೆ, ಟನ್ನಿನ ಲೆಕ್ಕ ಹಾಕಿದ್ರೆ ಒಂದಕ್ಕೆ 100, ಇನ್ನೊಂದಕ್ಕೆ 89. ಇಷ್ಟೇ ವ್ಯತ್ಯಾಸ ಪುಟ್ಟಿ. ಅದಕ್ಕೆ ನೀನು ಎಷ್ಟು ಲಕ್ಷ ಹೆಚ್ಚು ಸಾಲ ಮಾಡ್ತಿದೀಯ ಅಂತ ನೋಡು. ಆ 160 ಅನ್ನೋದೂ 5000 ಆರ್‌ಪಿಎಮ್ ದಾಟಿದ್ಮೇಲೆ ಸಿಗೋದು, ಬೆಂಗ್ಳೂರಿನ ಸಿಲ್ಕ್ ಬೋರ್ಡ್ ಹತ್ರ ಬಂಪರಿಗೆ ಬಂಪರ್ ತಾಗಿಸ್ಕೊಂಡು ನಿಂತಾಗ ಅದು ನಿನ್ನ ಕೈಗೇ ಬರಲ್ಲ.

ಇದೆಲ್ಲ ನೇರ ರೋಡಿನ ಮಾತಾಯ್ತು. ತಿರುವಿಗೆ ಬಂದ್ರೆ ಲೆಕ್ಕನೇ ಬೇರೆ, ನಂಗೆ ಇವತ್ತಿಗೂ ಆಶ್ಚರ್ಯ ಅನ್ಸೋ ಲೆಕ್ಕ ಅದು. ತಿರುವಲ್ಲಿ ಜಾರ್ದೇ ಹೋಗಬಹುದಾದ ಸ್ಪೀಡಿನ ವರ್ಗ ಅಂದ್ರೆ ಟೈರಿನ ಹಿಡಿತ ಇಂಟು ಗುರುತ್ವ ಇಂಟು ತಿರುವಿನ ರೇಡಿಯಸ್ಸು. ಎಂಜಿನ್ ಎಲ್ಲಿದೆ ಹೇಳು ಇದ್ರಲ್ಲಿ? ಎಲ್ಲೂ ಇಲ್ಲ. 12 ಮೀಟರ್ ರೇಡಿಯಸ್ಸಿನ ಹೇರ್‌ಪಿನ್ನಲ್ಲಿ ಒಣ ರೋಡಿಗೆ ಹಿಡಿತ 0.7 ಅಂತ ಹಾಕಿದ್ರೆ ಗಂಟೆಗೆ 33 ಕಿಮೀ, ಮಳೇಲಿ 0.4 ಅಂತ ಹಾಕಿದ್ರೆ 25. 50 ಹಾರ್ಸ್‌ಪವರ್ರಿನ ಗಾಡಿಗೂ 500ರ ಗಾಡಿಗೂ ಅದೇ ಮಿತಿ. ಸೂತ್ರದಲ್ಲಿ ತೂಕನೂ ಬರಲ್ಲ ನಿಜ, ಆದ್ರೆ ನಿಜವಾದ ರಬ್ಬರ್ ಸೂತ್ರದ ಥರ ಇರಲ್ಲ. ಟೈರಿನ ಮೇಲೆ ಭಾರ ಡಬಲ್ ಆದ್ರೆ ಹಿಡಿತ ಡಬಲ್ ಆಗಲ್ಲ, ಸ್ವಲ್ಪ ಕಮ್ಮಿನೇ ಆಗತ್ತೆ. ಎತ್ತರದ ಗಾಡಿ ತಿರುವಲ್ಲಿ ವಾಲಿದಾಗ ಹೊರಗಡೆ ಎರಡು ಟೈರಿನ ಮೇಲೇ ಹೆಚ್ಚು ಭಾರ ಬೀಳತ್ತೆ, ಒಳಗಡೆ ಎರಡರ ಮೇಲೆ ಕಮ್ಮಿ ಆಗತ್ತೆ. ಅದಕ್ಕೇ ತಗ್ಗಾಗಿ, ಹಗುರಾಗಿ, ಚಕ್ರ ನಾಲ್ಕು ಮೂಲೆಗೆ ಇರೋ ಗಾಡಿ ತಿರುವಲ್ಲಿ ಅಷ್ಟು ಚೆನ್ನಾಗಿ ಹೋಗೋದು.

ಟೈರ್ ಅಂದಾಗ ನಿಂಗೊಂದು ವಿಷ್ಯ ಹೇಳ್ಬೇಕು, ಇಷ್ಟು ವರ್ಷ ಹೇಳಿರ್ಲಿಲ್ಲ. ನಿಂಗೆ ಆಗ ಆರು ವರ್ಷ, ಜೂನ್ ತಿಂಗಳು, ಹೆಬ್ರಿಯಲ್ಲಿ ಚಿಕ್ಕಮ್ಮನ ಮನೆಗೆ ಹೊರ್ಟಿದ್ವಿ, ನೀನು ಹಿಂದಿನ ಸೀಟಲ್ಲಿ ಹೊಸ ಸ್ಕೂಲ್ ಬ್ಯಾಗ್ ತಬ್ಕೊಂಡು ನಿದ್ದೆ ಮಾಡ್ತಿದ್ದೆ. ಆಗುಂಬೆ ಮಳೆ ಗೊತ್ತಲ್ಲ, ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳೋ ಊರು. ಇಳಿಯುವಾಗ ಐದನೇದೋ ಆರನೇದೋ ತಿರುವಲ್ಲಿ, 20ರ ಸ್ಪೀಡೂ ಇರ್ಲಿಲ್ಲ, ಸ್ಟೇರಿಂಗ್ ತಿರುಗ್ಸಿದ್ರೆ ಗಾಡಿ ತಿರುಗ್ಲಿಲ್ಲ, ನೇರ ಜಾರ್ಕೊಂಡು ಹೋಯ್ತು. ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ನನ್ನ ಕೈಕಾಲು ನಡುಗ್ತಿತ್ತು, ನೀನು ಎದ್ದೇ ಇರ್ಲಿಲ್ಲ. ಮಾರನೇ ದಿನ ಟೈರ್ ಅಂಗಡಿಯಲ್ಲಿ ತೋರ್ಸಿದ್ರೆ ಅವ್ರು ಟೈರಿನ ಮೇಲೆ ಉಗುರು ಒತ್ತಿ, "ಮೇಡಮ್, ಬಟನ್ ಇದೆ, ರಬ್ಬರ್ ಸತ್ತೋಗಿದೆ" ಅಂದ್ರು. ಬಟನ್ ಅಂದ್ರೆ ಟೈರಿನ ಮೇಲಿರೋ ಕಟ್ಟೆ-ಹಳ್ಳ. ಎಂಟು ವರ್ಷದ ಟೈರು, ಕಲ್ಲಿನ ಥರ ಆಗಿತ್ತು, ಹಳ್ಳ ಆಳ ಇದ್ಯಲ್ಲ ಅಂತ ನಾನು ಬದ್ಲಾಯ್ಸಿರ್ಲಿಲ್ಲ. ನಾಲ್ಕೂ ಹೊಸದು ಹಾಕಿಸ್ಕೊಂಡು ಅದೇ ಘಾಟಿ ಹತ್ತಿ ಬಂದೆ, ಗಾಡಿನೇ ಬೇರೆ ಥರ ಆಗಿತ್ತು. ಎಂಜಿನ್ ಅದೇ 50. ಒಂದು ಗಾಡಿ ರೋಡಿಗೆ ತಾಗೋದು ಒಂದೊಂದು ಟೈರಿಂದ ಅಂಗೈಯಷ್ಟು ಜಾಗದಲ್ಲಿ ಮಾತ್ರ ಪುಟ್ಟಿ, ಓಡೋದು, ತಿರುಗೋದು, ನಿಲ್ಲೋದು ಎಲ್ಲ ಆ ನಾಲ್ಕು ಅಂಗೈಯಿಂದನೇ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 3221 ಅಂತಿದ್ರೆ 2021ರ 32ನೇ ವಾರ ಮಾಡಿದ್ದು ಅಂತ. ಕಾರ್ ಡೆಲಿವರಿ ತಗೊಳೋವಾಗ ಐದೂ ಟೈರಿಂದು ನೋಡು, ಸ್ಟೆಪ್ನಿ ಮರೀಬೇಡ.

ಬ್ರೇಕಿಂದು ಚಿಕ್ಕದಾಗಿ ಹೇಳ್ತೀನಿ. ಓಡೋ ಗಾಡಿಯ ಶಕ್ತಿ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರತ್ತೆ, ಅದನ್ನೆಲ್ಲ ಬ್ರೇಕು ಶಾಖ ಮಾಡಿ ಬದಲಾಯಿಸ್ಬೇಕು. ನಿನ್ನ 1600 ಕೆಜಿ ಎಸ್‌ಯುವಿ 60ರಲ್ಲಿ ಹೋಗುವಾಗ ಇರೋ ಶಕ್ತಿ, 920 ಕೆಜಿ ಗಾಡಿ 80ರಲ್ಲಿ ಹೋಗುವಾಗ ಇರೋದು, ಹತ್ತತ್ರ ಎರಡೂ ಒಂದೇ. ಘಾಟಿ ಇಳಿಯುವಾಗ ಕೆಳಗಡೆ ಬ್ರೇಕ್ ಸುಟ್ಟ ವಾಸನೆ ಬರೋದು ಯಾವ ಗಾಡಿಗಳಿಂದ ಅಂತ ನೀನೇ ನೋಡಿದೀಯ.

ನಿನ್ನ ಮಾತಲ್ಲಿ ನ್ಯಾಯ ಇಲ್ವೇ ಇಲ್ಲ ಅಂತಿಲ್ಲ. ಹೈವೇಯಲ್ಲಿ ಪವರ್ ಬೇಕು. ಗಾಳಿ ಸೀಳ್ಕೊಂಡು ಹೋಗಕ್ಕೆ ಬೇಕಾಗೋ ಪವರ್ರು ಸ್ಪೀಡ್ ಡಬಲ್ ಆದ್ರೆ ಎಂಟು ಪಟ್ಟಾಗತ್ತೆ, ಹಾಗಾಗಿ 120ರ ಮೇಲಿನ ಆಟ ಎಲ್ಲ ಎಂಜಿನ್ದೇ. ನೀನು ತಿಪಟೂರು ಅರಸೀಕೆರೆ ಕಡೂರು ಕಡೆಯಿಂದ ಊರಿಗೆ ಬರುವಾಗ, ಡಬಲ್ ರೋಡ್ ಇಲ್ದೇ ಇರೋ ಕಡೆ ಲಾರಿ ಹಿಂದೆ ಹಾಕಕ್ಕೆ ಎರಡು ಸೆಕೆಂಡ್ ಬೇಗ ಮುಂದೆ ಹೋದ್ರೆ ಅದೇ ಜೀವ ಉಳಿಸತ್ತೆ, ಅದು ನಂಗೂ ಗೊತ್ತು. ಜೆನ್ನಲ್ಲಿ ನಾಲ್ಕು ಜನ ಕೂತು ಏರಲ್ಲಿ ಬಸ್ ಓವರ್‌ಟೇಕ್ ಮಾಡೋವಾಗ ಎಸಿ ಆಫ್ ಮಾಡಿ, ಥರ್ಡಿಗೆ ಇಳ್ಸಿ, ದೇವರ ಹೆಸರು ಹೇಳ್ಕೊಂಡು ಹೋಗ್ತಿದ್ದೋಳು ನಾನೇ. ಪವರ್ ತೀರಾ ಕಮ್ಮಿ ಇದ್ರೆ ಸುಸ್ತಾಗತ್ತೆ. ಆದ್ರೆ ಸಾಕಷ್ಟು ಆದ್ಮೇಲೆ ಇನ್ನೂ ಇನ್ನೂ ಅಂತ ಹೋದ್ರೆ ಅದ್ರ ಜೊತೆ ದೊಡ್ಡ ಗೇರ್ ಬಾಕ್ಸು, ದೊಡ್ಡ ಬ್ರೇಕು, ಅಗಲ ಟೈರು, ಗಟ್ಟಿ ಬಾಡಿ ಎಲ್ಲ ಸೇರ್ಕೊಂಡು ತೂಕ ಏರತ್ತೆ, ಆ ತೂಕಕ್ಕೆ ಮತ್ತೆ ಪವರ್ ಬೇಕು. ಇವೆಲ್ಲ ಒಂದಕ್ಕೊಂದು ಹೊಂದಿಲ್ಲ ಅಂದ್ರೆ ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ.

ಇನ್ನು ಮಜಾ. ಇದು ಅಳೆಯಕ್ಕೆ ಆಗಲ್ಲ, ಆದ್ರೆ ಇರತ್ತೆ. ಬ್ರಿಟನ್ನಿನ ಮಿನಿ ಕೂಪರ್ ಎಸ್ ಅನ್ನೋ ಪುಟಾಣಿ ಗಾಡಿ 1964, 1965, 1967ರಲ್ಲಿ ಮೂರು ಸಲ ಯುರೋಪಿನ ದೊಡ್ಡ ಕಾರ್ ಸ್ಪರ್ಧೆ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿತ್ತು, 64ರಲ್ಲಿ ಗೆದ್ದಾಗ ಎಂಜಿನ್ 1071 ಸಿಸಿ, ಎರಡನೇ ಸ್ಥಾನಕ್ಕೆ ಬಂದಿದ್ದು ದೊಡ್ಡ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್. ಅವತ್ತು ಎಂಜಿನ್ ಸೈಜ್ ನೋಡಿ ರಿಯಾಯಿತಿ ಕೊಡೋ ನಿಯಮ ಇತ್ತು, ಅದು ಚಿಕ್ಕ ಗಾಡಿಗೆ ಸಹಾಯ ಆಯ್ತು, ಅದನ್ನ ಮುಚ್ಚಿಡಲ್ಲ. ಆದ್ರೂ ಆಲ್ಪ್ಸ್ ಬೆಟ್ಟದ ಹಿಮದ ತಿರುವಲ್ಲಿ ಅಷ್ಟು ದೊಡ್ಡ ಎಂಜಿನ್ ಜೊತೆ ಸರಿಸಮ ಓಡಿದ್ದು ಸಣ್ಣ ಮಾತಾ? ಮಜ್ದಾದವ್ರು 1989ರಲ್ಲಿ ಎಂಎಕ್ಸ್-5 ಅಂತ ಎರಡು ಸೀಟಿನ ಕಾರು ಬಿಟ್ರು, 1.6 ಲೀಟರ್ ಎಂಜಿನ್, 115 ಹಾರ್ಸ್‌ಪವರ್ ಆಸುಪಾಸು, ತೂಕ ಒಂದು ಟನ್ನಿಗಿಂತ ಕಮ್ಮಿ, ಮುಂದೆ ಹಿಂದೆ ಹತ್ತಿರ ಹತ್ತಿರ ಸಮ ತೂಕ. ಅದಕ್ಕಿಂತ ಜಾಸ್ತಿ ಪವರ್ ಇರೋ ಗಾಡಿ ಆಗ್ಲೂ ಬೇಕಾದಷ್ಟಿತ್ತು, ಆದ್ರೂ 2016ಕ್ಕೆ ಹತ್ತು ಲಕ್ಷ ಗಾಡಿ ತಯಾರಾಗಿತ್ತು. ಸುಮ್ನೆ ತಗೋತಾರಾ ಜನ? ನಮ್ಮ ಚಿಕ್ಕಮಗಳೂರಿನ ಎಸ್ಟೇಟ್ ರೋಡಲ್ಲಿ ರ‍್ಯಾಲಿ ನಡೆದಾಗ ನಿನ್ನ ಮಾವ ನನ್ನ ಕರ್ಕೊಂಡು ಹೋಗಿದ್ದ, ಕಾಫಿ ಗಿಡದ ಮಧ್ಯ ಮಣ್ಣಿನ ರೋಡು, 1.3 ಲೀಟರ್ ಮಾರುತಿ ಜಿಪ್ಸಿಗಳು ಅಡ್ಡಡ್ಡ ಜಾರ್ಕೊಂಡು ಬಂದು ನಮ್ಮ ಮುಂದೆ ನೇರ ಆಗೋವು, ಮೈ ಜುಂ ಅಂದಿತ್ತು. ಆ ಡ್ರೈವರುಗಳ ಕೈ ಮತ್ತು ಕಾಲು ನೋಡ್ಬೇಕಿತ್ತು ನೀನು.

ನಂಗೆ ಮಜಾ ಅಂದ್ರೆ ಏನು ಗೊತ್ತಾ, ನಾನು ಮಾಡಿದ್ದು ಗಾಡಿಗೆ ಕೇಳ್ಸತ್ತೆ, ಗಾಡಿ ಮಾಡೋದು ನನ್ನ ಕೈಗೆ ತಿಳೀತದೆ. ಎಂಜಿನ್ ಪೂರ್ತಿ ಬಳಸ್ಕೊಳಕ್ಕೆ ಆಗ್ಬೇಕು. ಜೆನ್ನಲ್ಲಿ ಮಂಡಗದ್ದೆ ಕಡೆ ತುಂಗೆ ಪಕ್ಕದ ರೋಡಲ್ಲಿ 60ರಲ್ಲಿ ಹೋಗ್ತಾ ಗೇರ್ ಸರಿಯಾದ ಹೊತ್ತಿಗೆ ಬಿದ್ದು, ಬ್ರೇಕ್ ಮುಟ್ದೇ ತಿರುವು ಮುಗಿದ್ರೆ ಆ ದಿನ ಪೂರ್ತಿ ಮನಸ್ಸು ಚೆನ್ನಾಗಿರೋದು. ನಿನ್ನ 160ರ ಗಾಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಕ್ಕೆ ನಮ್ಮ ರೋಡಲ್ಲಿ ಎಲ್ಲಿ ಜಾಗ ಇದೆ?

ಶನಿವಾರ ಟೆಸ್ಟ್ ಡ್ರೈವ್ ಅಂದ್ಯಲ್ಲ. ಅವ್ರು ಸರ್ವಿಸ್ ರೋಡಲ್ಲಿ ನೇರ ಮೂರು ಕಿಲೋಮೀಟರ್ ಹೋಗಿ ಬರಕ್ಕೆ ಹೇಳ್ತಾರೆ, ಒಪ್ಕೋಬೇಡ. ಗುಂಡಿ ಇರೋ ರೋಡಿಗೆ ತಗೊಂಡ್ ಹೋಗು, ಅಂಡರ್‌ಪಾಸ್ ಹತ್ರ ಯೂ ಟರ್ನ್ ಹೊಡಿ, ಫ್ಲೈಓವರ್ ರ‍್ಯಾಂಪಲ್ಲಿ ಸೆಕೆಂಡ್ ಗೇರಲ್ಲಿ ಹತ್ತಿ ನೋಡು, ಹಿಂದೆ ಯಾರೂ ಇಲ್ದೇ ಇದ್ದಾಗ ಒಂದ್ಸಲ ಬ್ರೇಕ್ ಗಟ್ಟಿಯಾಗಿ ಒತ್ತು. ಸೀಟಲ್ಲಿ ನಿನ್ನ ಬೆನ್ನು ಹೆಂಗೆ ಕೂರತ್ತೆ, ಬಲಗಡೆ ಕಂಬ ಅಡ್ಡ ಬಂದು ಬೈಕ್ ಕಾಣ್ದೇ ಹೋಗತ್ತಾ, ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋವು ಬರತ್ತಾ, ಇದೆಲ್ಲ ಬ್ರೋಷರಲ್ಲಿ ಬರಲ್ಲ. ಎರಡೂ ಗಾಡಿ ಒಂದೇ ದಿನ, ಒಂದೇ ರೋಡಲ್ಲಿ ಓಡ್ಸು.

ಬುಕಿಂಗ್ ಅಡ್ವಾನ್ಸ್ ಮಾತ್ರ ದೀಪಾವಳಿ ತನಕ ತಡಿ ಪುಟ್ಟಿ. ಜೆನ್ನಿನ ಎಫ್‌ಸಿ ರಿನ್ಯೂ ಆಗಿದೆ, ಹೋದ್ವಾರ ಹೊಸ ಬ್ಯಾಟರಿ ಹಾಕ್ಸಿದೀನಿ, ಟೈರ್ ಹೋದ ವರ್ಷದ್ದು. ನೀನು ಬಂದ ಮಾರನೇ ದಿನ ಬೆಳಗ್ಗೆ ಆರಕ್ಕೇ ಹೊರಡೋಣ, ಆಗ ಘಾಟಿಯಲ್ಲಿ ಬಸ್ಸು ಕಮ್ಮಿ. ಇಳಿಯೋವಾಗ ನಾನು ಓಡಿಸ್ತೀನಿ, ಸೋಮೇಶ್ವರದಲ್ಲಿ ಬನ್ಸ್ ತಿಂದು ಕಾಫಿ ಕುಡ್ಯೋಣ, ವಾಪಸ್ ಹತ್ತೋವಾಗ ಕೀ ನಿನ್ನ ಕೈಗೆ.

ಊಟ ಸರಿಯಾಗಿ ಮಾಡು.

ನಿನ್ನ ಅಮ್ಮ