ಮಂಟಪದ ಮುಂದೆ ಎರಡು ಮರಳು ಗುಡ್ಡೆ

ಊರಿಂದ ಬಂದವರನ್ನು ಜಪಾನಿನ ಕ್ಯೋಟೋದ ಕಾಮಿಗಾಮೊ ದೇಗುಲಕ್ಕೆ ಕರೆದುಕೊಂಡು ಹೋದರೆ ಒಂದು ಪ್ರಶ್ನೆ ಗ್ಯಾರಂಟಿ. ಎರಡನೇ ತೋರಿ, ಅಂದರೆ ದೇಗುಲದ ಹೆಬ್ಬಾಗಿಲ ಕಮಾನು, ದಾಟಿದ ಕೂಡಲೇ ಹೊಸೊದೊನೊ ಎಂಬ ಮಂಟಪ ಸಿಗುತ್ತದೆ. ಅದರ ಮುಂದೆ ಅಕ್ಕಪಕ್ಕ ಎರಡು ಮರಳು ಗುಡ್ಡೆಗಳು. ತುದಿ ಚೂಪು, ಮೈ ನುಣುಪು. "ಇದು ಲಿಂಗವಾ?" ಎಂದು ಒಬ್ಬರು ಕೇಳುವಷ್ಟರಲ್ಲಿ ಇನ್ನೊಬ್ಬರು ಕೈ ಮುಗಿದಿರುತ್ತಾರೆ. ಮುಗಿಯಲಿ, ತಪ್ಪೇನಿಲ್ಲ. ಆದರೆ ಎಲ್ಲಿ ಹೋದರೂ "ಇದು ನಮ್ಮಲ್ಲೂ ಇದೆ" ಎನ್ನುವ ಅವಸರ ನಮಗೆ ಸ್ವಲ್ಪ ಜಾಸ್ತಿಯೇ, ಅಲ್ವಾ? ಈ ಗುಡ್ಡೆಗಳ ಕಥೆ ಬೇರೆ. ಮುಂದಿನ ಪ್ರವಾಸಕ್ಕೆ ಮೊದಲು ಅದನ್ನು ಹೇಳಿಬಿಡೋಣ ಅನ್ನಿಸಿತು.

ಇವುಗಳಿಗೆ ತಾತೆಸುನಾ ಎನ್ನುತ್ತಾರೆ. ಇವು ಒಂದು ಬೆಟ್ಟದ ಗುರುತು. ದೇಗುಲದಿಂದ ಉತ್ತರಕ್ಕೆ ಸುಮಾರು 2 ಕಿ.ಮೀ. ದೂರದಲ್ಲಿ ಕೋಯಾಮಾ ಇದೆ. ಎತ್ತರ ಬರೀ 300 ಮೀಟರ್ ಆಸುಪಾಸು. ಇಲ್ಲಿನ ದೇವರು ವಾಕೆಇಕಾಝುಚಿ ಮೊದಲು ಇಳಿದುಬಂದದ್ದು ಆ ಬೆಟ್ಟದ ಮೇಲೆ ಎಂದು ನಂಬಿಕೆ. ಅವನು ಗುಡುಗಿನ ದೇವರು. ತಾಯಿ ತಾಮಾಯೊರಿಹಿಮೆ. ಹೊಳೆಯಲ್ಲಿ ತೇಲಿಬಂದ ಕೆಂಪು ಬಾಣವೊಂದನ್ನು ಅವಳು ಮನೆಗೆ ತಂದಿಟ್ಟುಕೊಂಡಳು, ಬಸಿರಾದಳು. ಮಗ ದೊಡ್ಡವನಾದ ಮೇಲೆ ಅಜ್ಜ ಔತಣ ಇಟ್ಟು, "ನಿನ್ನ ಅಪ್ಪ ಯಾರು ಅನ್ನಿಸುತ್ತದೋ ಅವರಿಗೆ ಈ ಮದ್ಯ ಕೊಡು" ಎಂದ. ಹುಡುಗ ಬಟ್ಟಲನ್ನು ಆಕಾಶಕ್ಕೆ ಎತ್ತಿ, ಮಾಡು ಒಡೆದುಕೊಂಡು ಮೇಲೇರಿಯೇ ಹೋದ. ಆಮೇಲೆ ತಾಯಿಯ ಕನಸಿನಲ್ಲಿ ಬಂದು, ತನ್ನನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ಹೇಳಿಕೊಟ್ಟ. ಹಾಗೆ ಬರಮಾಡಿಕೊಂಡಾಗ ಅವನು ಇಳಿದದ್ದು ಆ ಬೆಟ್ಟಕ್ಕೆ.

ಈಗ ಗುಡ್ಡೆಗಳನ್ನು ನೋಡಿ. ದೇವರು ಇಳಿಯಲು ಒಂದು ಜಾಗ ಬೇಕು. ಮೊದಲು ಬೆಟ್ಟವೇ ಆ ಜಾಗವಾಗಿತ್ತು, ಕಟ್ಟಡದ ಮಾತಿರಲಿಲ್ಲ. ದೇಗುಲ ಕಟ್ಟಿದ್ದು 678ರಲ್ಲಿ ಎಂದು ಇಲ್ಲಿನ ಇತಿಹಾಸ ಹೇಳುತ್ತದೆ. ದೂರದ ಬೆಟ್ಟವನ್ನು ಅಂಗಳಕ್ಕೆ ತರಲು ಮರಳು ಸಾಕಾಯಿತು. ಈ ಗುಡ್ಡೆಯೇ ದೇವರು ಎಂದು ಯಾರೂ ಹೇಳುವುದಿಲ್ಲ. ದೇವರು ಬಂದು ನಿಲ್ಲಬಹುದಾದ ನೆಲೆ, ಅಷ್ಟೇ. ನನಗೆ ಹಿಡಿಸಿದ್ದು ಇದೇ. ಕಲ್ಲಿನಲ್ಲಿ ಒಮ್ಮೆ ಕಟ್ಟಿ ಮರೆತುಬಿಡಬಹುದಿತ್ತು. ಮರಳಾದರೆ ಹಾಗಲ್ಲ, ಜೋರು ಮಳೆಗೆ ಕರಗುತ್ತದೆ, ಗಾಳಿಗೆ ಉದುರುತ್ತದೆ. ಯಾರಾದರೂ ಮತ್ತೆ ಮತ್ತೆ ನೀರು ಹಾಕಿ, ತಟ್ಟಿ, ಚೂಪು ಮಾಡುತ್ತಲೇ ಇರಬೇಕು.

ಹತ್ತಿರ ಹೋದರೆ ತುದಿಯಲ್ಲಿ ಪೈನ್ ಮರದ ಎಲೆ ಚುಚ್ಚಿರುವುದು ಕಾಣುತ್ತದೆ. ಕಡ್ಡಿಯಂತಿರುವ ಈ ಎಲೆ ಒಂದು ಗುಡ್ಡೆಯ ಮೇಲೆ ಮೂರೆಳೆಯದು, ಇನ್ನೊಂದರ ಮೇಲೆ ಎರಡೆಳೆಯದು. ಮೂರು ಬೆಸ, ಎರಡು ಸಮ. ಎಲ್ಲವನ್ನೂ ಗಂಡು-ಹೆಣ್ಣಿನಂಥ ಜೋಡಿಯಾಗಿ ನೋಡುವ, ಚೀನಾದಿಂದ ಬಂದ ಯಿನ್-ಯಾಂಗ್ ಲೆಕ್ಕ ಅದು. ಜಪಾನಿನ ಸಾಮಾನ್ಯ ಪೈನ್‌ಗಳಲ್ಲಿ ಎಲೆ ಎರಡೆರಡಾಗಿ ಬರುತ್ತದೆ, ಹಾಗಾಗಿ ಮೂರೆಳೆಯದನ್ನು ಹುಡುಕಿ ತರಬೇಕು. ದೇವರನ್ನು ಬರಮಾಡಿಕೊಳ್ಳಲು ಹಿಂದೆ ನೆಡುತ್ತಿದ್ದ ಪೈನ್ ಮರದ ನೆನಪು ಈ ಎಲೆಗಳಲ್ಲಿ ಉಳಿದಿದೆ ಎಂದೂ ಹೇಳುತ್ತಾರೆ.

ಜಪಾನಿನಲ್ಲಿ ಮನೆ ಕಟ್ಟುವ ಮುಂಚೆ ನೆಲ ಶುದ್ಧಿಗೆ, ಕೆಟ್ಟ ದಿಕ್ಕಿನ ಕಾಟ ತಪ್ಪಿಸಲು ಮರಳು ಚೆಲ್ಲುವ ಪದ್ಧತಿ ಇದೆಯಲ್ಲ, ಅದರ ಮೂಲ ಈ ಗುಡ್ಡೆಗಳೇ ಎನ್ನುತ್ತದೆ ಕಾಮಿಗಾಮೊ. ಅಂಥ ಮರಳಿನ ಪೊಟ್ಟಣ ದೇಗುಲದಲ್ಲೇ ಸಿಗುತ್ತದೆ. ಕೆಟ್ಟ ದಿಕ್ಕು ಯಾವುದು ಗೊತ್ತಾ? ಈಶಾನ್ಯ! ನಾವು ದೇವರ ಕೋಣೆಗೆ ಹುಡುಕಾಡುವ ಮೂಲೆ ಇವರಿಗೆ ದೆವ್ವ ಬರುವ ಬಾಗಿಲು. ಇಲ್ಲಿ ಮನೆ ಕೊಳ್ಳುವಾಗ ವಾಸ್ತು ನೋಡುವವರು ಪಕ್ಕದ ಮನೆಯ ಅಜ್ಜಿಯನ್ನು ಸುಮ್ನೆ ಒಮ್ಮೆ ಕೇಳಿ ನೋಡಿ, ತಮಾಷೆಯಾಗಿರುತ್ತದೆ.

ಗಿಂಕಾಕುಜಿಯ ಮರಳು ದಿಬ್ಬದೊಂದಿಗೆ ಇದನ್ನು ಬೆರೆಸಬೇಡಿ. ಅದು ಝೆನ್ ಮಂದಿರದ ತೋಟ, ದಿಬ್ಬದ ತಲೆಯೂ ಚಪ್ಪಟೆ. ಆದರೆ ಕ್ಯೋಟೋ ಹತ್ತಿರದ ಉಜಿ ಊರಿನ ಪುಟ್ಟ ಉಜಿಗಾಮಿ ದೇಗುಲದ ಮುಂದೆಯೂ ಇಂಥದ್ದೇ ಜೋಡಿ ಗುಡ್ಡೆಗಳಿವೆ. ಅಲ್ಲಿನದು ಅಂಗಳಕ್ಕೆ ಚೆಲ್ಲಿ ಶುದ್ಧ ಮಾಡುವ ಮರಳು. ಜನ ಕಡಿಮೆ, ನಿಧಾನವಾಗಿ ನೋಡಬಹುದು.

ಕಾಮಿಗಾಮೊಗೆ ಹೋಗಲು ಮೇ 15ರ ಆಓಇ ಹಬ್ಬವನ್ನೇ ಎಲ್ಲರೂ ಆರಿಸುತ್ತಾರೆ. ನೂಕುನುಗ್ಗಲು ವಿಪರೀತ. ನನ್ನನ್ನು ಕೇಳಿದರೆ ಸೆಪ್ಟೆಂಬರ್ 9 ವಾಸಿ. ಅಂದು ಈ ದೇಗುಲದಲ್ಲಿ ಕಾಗೆ ಸುಮೊ. ದೊಡ್ಡವರು ಕಾಗೆಯಂತೆ ಅಡ್ಡಡ್ಡ ಕುಪ್ಪಳಿಸುತ್ತಾ "ಕಾ ಕಾ ಕಾ" ಎಂದು ಕೂಗುತ್ತಾರೆ, ಆಮೇಲೆ ಚಿಕ್ಕ ಹುಡುಗರು ಕುಸ್ತಿಗೆ ಇಳಿಯುತ್ತಾರೆ. ಮಕ್ಕಳನ್ನು ಕರೆತನ್ನಿ, ಆದರೆ ಗುಡ್ಡೆಗಳ ಹತ್ತಿರ ಅವರ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ. ಮರಳು ಕಂಡರೆ ನಮ್ಮ ಮಕ್ಕಳು ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತು.