ಆರ್ಯಭಟನ ಒಂದು ಅಕ್ಷರ

ಮಾನ್ಯರೇ,

ಗ್ರಹಣ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ: 1600ರಲ್ಲಿ ಚಿಂತಕ ಬ್ರೂನೋನನ್ನು ಸುಟ್ಟದ್ದು, 1633ರಲ್ಲಿ ಭೂಮಿ ಚಲಿಸುತ್ತದೆ ಎಂದ ಗೆಲಿಲಿಯೊನನ್ನು ಮಂಡಿಯೂರಿಸಿದ್ದು ಯುರೋಪಿನ ಚರ್ಚು, ನಮ್ಮಲ್ಲಿ ವಿಜ್ಞಾನಕ್ಕೂ ನಂಬಿಕೆಗೂ ಜಗಳವೇ ಇರಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನೂ ಬಹುಕಾಲ ಮಕ್ಕಳಿಗೆ ಹಾಗೆಯೇ ಹೇಳಿದ್ದೇನೆ. ಅದು ಪೂರ್ಣ ಸತ್ಯವಲ್ಲ.

499ರ ಹೊತ್ತಿಗೆ, ಇನ್ನೂ 23ರ ಹರೆಯದಲ್ಲಿದ್ದ ಆರ್ಯಭಟ, ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು ಎಂದು ಬರೆದ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವ ಹಾಗೆ, ಭೂಮಿ ತಿರುಗುವುದರಿಂದ ಸ್ಥಿರವಾದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತವೆ ಎಂದೂ ವಿವರಿಸಿದ. 628ರಲ್ಲಿ ಬ್ರಹ್ಮಗುಪ್ತ ಇವೆರಡನ್ನೂ ಖಂಡಿಸಿದ. ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳು ಏಕೆ ಬೀಳುವುದಿಲ್ಲ ಎಂಬ ಅವನ ಪ್ರಶ್ನೆ ಆ ಕಾಲಕ್ಕೆ ನ್ಯಾಯವಾದದ್ದೇ. ಆದರೆ ಗ್ರಹಣಕ್ಕೆ ರಾಹು ಕಾರಣನಲ್ಲವೆಂದರೆ ವೇದ, ಸ್ಮೃತಿಗಳಿಗೆ ವಿರೋಧವಾಗುತ್ತದೆ ಎಂದವನೂ ಅವನೇ. ಸೊನ್ನೆಯ ಲೆಕ್ಕಕ್ಕೆ ನಿಯಮ ಕೊಟ್ಟ ಆ ಮಹಾನ್ ಗಣಿತಜ್ಞ ಗ್ರಹಣದ ಗಣಿತವನ್ನು ಮಾತ್ರ ಭೂಮಿಯ ನೆರಳಿನಿಂದಲೇ ಮಾಡುತ್ತಾನೆ! ಸುಮಾರು 1030ರಲ್ಲಿ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬೆರೂನಿ, ತನ್ನ ವಿಚಾರಗಳಿಗಾಗಿ ಪ್ರಾಣ ತೆತ್ತ ಸಾಕ್ರಟೀಸನಿಗೆ ಒದಗಿದಂಥ ಆಪತ್ತೇ ಇವನ ಬಾಯಲ್ಲಿ ಈ ಮಾತು ಹೇಳಿಸಿರಬೇಕು ಎಂದು ಮರುಗಿದ.

ನನ್ನನ್ನು ಹೆಚ್ಚು ಕಾಡುವುದು ಮುಂದೆ ನಡೆದದ್ದು. ಒಂದು ಪ್ರಾಣಕಾಲದಲ್ಲಿ, ಎಂದರೆ 4 ಸೆಕೆಂಡಿನಲ್ಲಿ, ಭೂಮಿ ಒಂದು ಕಲೆಯಷ್ಟು, ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು, ತಿರುಗುತ್ತದೆ ಎಂಬ ಆರ್ಯಭಟನ ಸಾಲಿನಲ್ಲಿದ್ದ ‘ಭೂಃ’ ಎಂಬ ಪದ ನಂತರದ ಪಾಠಗಳಲ್ಲಿ, ಎಂದರೆ ಆ ಶ್ಲೋಕದ ಮುಂದಿನ ಪ್ರತಿಗಳಲ್ಲಿ, ‘ಭಂ’ ಆಯಿತು. ಭೂಮಿಯ ಬದಲು ನಕ್ಷತ್ರಮಂಡಲವೇ ತಿರುಗತೊಡಗಿತು. ವ್ಯಾಖ್ಯಾನಕಾರರು ಭೂಮಿ ವಾಸ್ತವವಾಗಿ ಸ್ಥಿರವೆಂದೇ ಅರ್ಥ ಹೇಳಿದರು. ಬೆಂಕಿಯಿಲ್ಲ, ವಿಚಾರಣೆಯಿಲ್ಲ, ಗುರುವಿನ ಮೇಲಿನ ಗೌರವಕ್ಕೆ ಕುಂದು ಬರದಂತೆಯೇ ಅವನ ಮಾತು ಅಳಿಸಿಹೋಯಿತು. ಮೂಲ ಪದ ನಮಗಿಂದು ತಿಳಿದಿರುವುದು ಖಂಡಿಸಲೆಂದು ಅದನ್ನು ಇದ್ದಂತೆಯೇ ಉದ್ಧರಿಸಿದ ಬ್ರಹ್ಮಗುಪ್ತನಿಂದ. ವಿರೋಧಿಯ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿದ ದೇಶದ ಮೊದಲ ಉಪಗ್ರಹಕ್ಕೆ ಆರ್ಯಭಟನ ಹೆಸರಿದೆ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವನ ಶ್ಲೋಕದ ಆ ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿ ಅಚ್ಚುಮಾಡಿ ಎಂಟನೆಯ ತರಗತಿಯ ಮಕ್ಕಳ ಮುಂದಿಡಬೇಕೆಂದು ಪಠ್ಯಪುಸ್ತಕ ರಚಿಸುವವರನ್ನು ಕೋರುತ್ತೇನೆ.

– ನಿವೃತ್ತ ಗಣಿತ ಅಧ್ಯಾಪಕ, ಸಾಗರ