ಆ ಭಾವಚಿತ್ರ ಬರೆದಾಕೆಯ ಹೆಸರನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

1788ರಲ್ಲಿ ಪ್ಯಾರಿಸ್ಸಿಗೆ ಹೋದ ಟಿಪ್ಪು ಸುಲ್ತಾನರ ರಾಯಭಾರಿಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಲೇಖನದ ಜೊತೆಯಲ್ಲಿದ್ದ, ಆ ರಾಯಭಾರಿಗಳಲ್ಲೊಬ್ಬರಾದ ಮಹಮ್ಮದ್ ದರ್ವೇಶ್ ಖಾನರ ಭಾವಚಿತ್ರದ ಕೆಳಗೆ ‘ಫ್ರೆಂಚ್ ಚಿತ್ರಕಾರನೊಬ್ಬನ ಕೃತಿ’ ಎಂದಷ್ಟೇ ಅಚ್ಚಾಗಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ಬರೆದವರು ಎಲಿಸಬೆತ್ ವಿಜೆ ಲೆಬ್ರೂನ್ ಎಂಬ, ಆಗ 33 ವರ್ಷದವರಾಗಿದ್ದ ಹೆಣ್ಣುಮಗಳು.

1755ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈಕೆಯ ತಂದೆ ಲೂಯಿ ವಿಜೆ ಪೇಸ್ಟಲ್ ಬಣ್ಣಗಳಲ್ಲಿ ಭಾವಚಿತ್ರ ಬರೆಯುತ್ತಿದ್ದವರು. ತಾಯಿ ಕೇಶಾಲಂಕಾರದ ಕೆಲಸ ಮಾಡುತ್ತಿದ್ದವರು. ಕಾನ್ವೆಂಟಿನಲ್ಲಿದ್ದಾಗ ನೋಟ್‌ಬುಕ್ಕಿನ ಅಂಚುಗಳಲ್ಲೂ ಮಲಗುವ ಕೋಣೆಯ ಗೋಡೆಗಳ ಮೇಲೂ ಮುಖಗಳನ್ನು ಗೀಚಿ ಶಿಕ್ಷೆಗೆ ಒಳಗಾಗುತ್ತಿದ್ದುದನ್ನು ಆಕೆಯೇ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನಾನು ಅಂಥ ಮಕ್ಕಳನ್ನು ಬಲ್ಲೆ. ಏಳೆಂಟು ವಯಸ್ಸಿನಲ್ಲಿ ದೀಪದ ಬೆಳಕಿನಡಿ ಆಕೆ ಬರೆದ ಗಡ್ಡದ ಮನುಷ್ಯನ ತಲೆಯೊಂದನ್ನು ನೋಡಿದ ತಂದೆ, ನೀನು ಚಿತ್ರಗಾರ್ತಿಯೇ ಆಗುತ್ತೀಯೆ ಎಂದು ಹಿಗ್ಗಿದರಂತೆ. ಆ ತಂದೆ, ಗಂಟಲಿಗಿಳಿದ ಮೀನಿನ ಮುಳ್ಳಿನಿಂದ ಕಾಯಿಲೆಬಿದ್ದು 1767ರಲ್ಲಿ ತೀರಿಕೊಂಡರು. ಮಗಳಿಗೆ ಹನ್ನೆರಡು ವರ್ಷ.

ತಾಯಿ ಮರುಮದುವೆಯಾದದ್ದು ಒಬ್ಬ ಚಿನ್ನಬೆಳ್ಳಿಯ ಕೆಲಸದವರನ್ನು. ಹದಿಹರೆಯದಲ್ಲೇ ಭಾವಚಿತ್ರ ಬರೆದು ಸಂಪಾದಿಸತೊಡಗಿದ ಹುಡುಗಿ ತಮ್ಮನ ಓದಿನ ವೆಚ್ಚವನ್ನು ಹೊತ್ತಳು. ಉಳಿದ ಹಣವನ್ನೆಲ್ಲ ಮಲತಂದೆ ಇಟ್ಟುಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೆ ಅಕಾಡೆಮಿಯ ತರಗತಿಗಳ ಬಾಗಿಲು ಮುಚ್ಚಿದ್ದ ಕಾಲವದು. ಆಕೆ ಕಲಿತದ್ದು ಶ್ರೀಮಂತರ ಸಂಗ್ರಹಗಳಲ್ಲಿದ್ದ ರೂಬೆನ್ಸ್, ರೆಂಬ್ರಾಂಟ್, ವ್ಯಾನ್ ಡೈಕ್ ಚಿತ್ರಗಳನ್ನು ನಕಲು ಮಾಡುತ್ತ, ಜೋಸೆಫ್ ವೆರ್ನೆಯಂಥ ಹಿರಿಯ ಚಿತ್ರಕಾರರ ಸಲಹೆ ಕೇಳುತ್ತ. 1774ರಲ್ಲಿ, ಕಸುಬುದಾರರ ಸಂಘದ ಸದಸ್ಯತ್ವವಿಲ್ಲದೆ ಚಿತ್ರ ಬರೆಯುತ್ತಿದ್ದಾಳೆಂದು ಅಧಿಕಾರಿಗಳು ಆಕೆಯ ಚಿತ್ರಶಾಲೆಯನ್ನೇ ಜಪ್ತಿ ಮಾಡಿದರು. ಹತ್ತೊಂಬತ್ತರ ಆ ಹುಡುಗಿ ಅದೇ ವರ್ಷ ಆ ಸಂಘದ್ದೇ ಆದ ಸೇಂಟ್ ಲ್ಯೂಕ್ ಅಕಾಡೆಮಿಯ ಸದಸ್ಯತ್ವ ಪಡೆದಳು.

1776ರಲ್ಲಿ ಚಿತ್ರವ್ಯಾಪಾರಿ ಲೆಬ್ರೂನ್ ಜೊತೆ ಮದುವೆ. 1778ರಲ್ಲಿ ರಾಣಿ ಮರೀ ಆಂತ್ವಾನೆತ್‌ಳ ಮೊದಲ ಭಾವಚಿತ್ರ. ಚಿತ್ರವ್ಯಾಪಾರದ ನಂಟಿದ್ದವರನ್ನು ರಾಜಮನೆತನದ ಚಿತ್ರಕಲಾ ಅಕಾಡೆಮಿ ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ಸೇರಲು ಗಂಡನ ವ್ಯಾಪಾರವೇ ಅಡ್ಡಿಯಾಯಿತು. ಕೊನೆಗೆ ದೊರೆಯ ಅಪ್ಪಣೆಯಿಂದ 1783ರ ಮೇ 31ರಂದು ಪ್ರವೇಶ ಸಿಕ್ಕಿತು. ಅಲ್ಲಿ ಹೆಂಗಸರಿಗಿದ್ದದ್ದು ನಾಲ್ಕೇ ಸ್ಥಾನ, ಮತ್ತು ಅದೇ ದಿನ ಒಳಬಂದ ಇನ್ನೊಬ್ಬಾಕೆ, ಅಡೆಲೈಡ್ ಲಬೀಲ್ ಗಿಯಾರ್, ಕೂಡ ಭಾವಚಿತ್ರಗಾರ್ತಿಯೇ.

ನಮ್ಮ ರಾಯಭಾರಿಗಳನ್ನು ಈಕೆ ಕಂಡದ್ದು ಪ್ಯಾರಿಸ್ಸಿನ ಆಪೆರಾದಲ್ಲಿ. ಚಿತ್ರಕ್ಕೆ ಕೂರಬೇಕಾದರೆ ಸ್ವತಃ ದೊರೆಯೇ ಕೇಳಬೇಕು ಎಂದು ಅವರು ಪಟ್ಟುಹಿಡಿದಾಗ, ಈಕೆ ದೊರೆ ಹದಿನಾರನೆಯ ಲೂಯಿಯಿಂದಲೇ ಹೇಳಿಸಿದರು. ಬಿಳಿಯ ಮಸ್ಲಿನ್ ಉಡುಪು, ಹಿಡಿದ ಖಡ್ಗ, ಎದುರಿಗಿದ್ದವರಿಗೆ ಮಣಿಯದ ಆ ನೋಟ: ಆಳೆತ್ತರದ ಆ ಚಿತ್ರದಲ್ಲಿ ದರ್ವೇಶ್ ಖಾನರು ವಿಚಿತ್ರವಸ್ತುವಾಗಿ ಕಾಣದೆ ಒಂದು ರಾಜ್ಯದ ಪ್ರತಿನಿಧಿಯಾಗಿ ಕಾಣುತ್ತಾರೆ. ಮುಗಿದ ಚಿತ್ರವನ್ನು, ಇದಕ್ಕೊಂದು ಆತ್ಮ ಬೇಕೆಂದು ಹೇಳಿ, ಅವರು ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದರಂತೆ. ಅದನ್ನು ಉಪಾಯದಿಂದ ಹೊರತೆಗೆಸಬೇಕಾಯಿತು. 2019ರಲ್ಲಿ ಅದೇ ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು.

ಮುಂದಿನ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ಈ ತಿದ್ದುಪಡಿಯನ್ನು ಆಕೆಯ ಪೂರ್ಣ ಹೆಸರಿನೊಡನೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ಮೈಸೂರು